ಕಸಿಲ್ದಾ ನೆಲಮಾಳಿಗೆಗೆ ಇಳಿದದ್ದು

ನಮ್ಮೂರಿನ ಕಸಿಲ್ದಾ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನೋಡಿದವರು ಯಾರೂ ಇರಲಿಲ್ಲ. ಇಗರ್ಜಿಯಲ್ಲಿ ಪಾದ್ರಿ ಪ್ರಸಂಗ ಮಾಡುವಾಗಲೂ ಅವಳ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಪ್ರಾರ್ಥನೆ ಅಂದುಕೊಂಡರೆ ಅದು ನಿಮ್ಮ ತಪ್ಪು. ಯಾರ ಮನೆಯ ಹಂದಿ ಎಷ್ಟು ಕೊಬ್ಬಿದೆ ಎಂದು ಪಕ್ಕದವಳಿಗೆ ಹೇಳುತ್ತಿರುತ್ತಿದ್ದಳು. ಅಂಥವಳು ಒಂದು ಫೆಬ್ರವರಿಯಲ್ಲಿ ಒಂಬತ್ತು ಹಗಲು ತುಟಿ ಪಿಟಕ್ಕೆನ್ನದೆ ಕಳೆದಳು ಎಂದರೆ ನಮ್ಮ ಕಣಿವೆಯ ಎಬ್ರೊ ನದಿ ಬೆಟ್ಟ ಹತ್ತಿತು ಅಂದ ಹಾಗೆ. ಆದರೂ ನಡೆದದ್ದು ನಿಜ. ಅದನ್ನೇ ಹೇಳಲು ಹೊರಟದ್ದು.

ಅವಳು ಈ ಊರಿನವಳಲ್ಲ, ಮೇಲಿನ ಕುರಿಬೆಟ್ಟದವಳು. ಹದಿನೇಳಕ್ಕೆ ದ್ರಾಕ್ಷಿ ಕೊಯ್ಲಿಗೆಂದು ಇಳಿದು ಬಂದವಳು ಮತ್ತೆ ಹತ್ತಲಿಲ್ಲ. ಕೊಯ್ಲಿನ ಕೊನೆಯ ದಿನ ಹುಡುಗ ಹುಡುಗಿಯರು ಒಬ್ಬರ ಮುಖಕ್ಕೆ ಒಬ್ಬರು ಕಪ್ಪು ದ್ರಾಕ್ಷಿ ಹಿಂಡಿ ಬಳಿಯುತ್ತಾರಲ್ಲ, ಆಗ ಸೆಲೆದೋನಿಯೊ ಎಂಬ ಮೆತ್ತನೆಯ ಹುಡುಗ ಇವಳ ಕೈಗೆ ಸಿಕ್ಕಿದ. ಇವಳು ಎರಡು ಗೊಂಚಲು ಸೇರಿಸಿ ತಿಕ್ಕಿದ ರಭಸಕ್ಕೆ ಅವನಿಗೆ ಕಣ್ಣು ಕಾಣದೆ ಹೋಗಿ ಹೇಸರಗತ್ತೆಯನ್ನು ತಬ್ಬಿಕೊಂಡು "ಸಾಕು ಕಸಿಲ್ದಾ, ಸಾಕು" ಅಂದನಂತೆ. ಹೇಸರಗತ್ತೆ ಒದೆಯಿತು, ಕಸಿಲ್ದಾ ಮದುವೆಯಾದಳು.

ಸೆಲೆದೋನಿಯೊ ದೋನ್ಯಾ ಪ್ರುದೆನ್ಸಿಯಾಳ, ಅಂದರೆ ಪ್ರುದೆನ್ಸಿಯಾ ಅಮ್ಮನವರ, ಬೊದೆಗಾದಲ್ಲಿ ಮೇಣದಬತ್ತಿಯವನಾದ. ಬೊದೆಗಾ ಎಂದರೆ ಮೇಲೆ ಅಂಗಳ, ಕಚೇರಿ, ದ್ರಾಕ್ಷಿ ಹುದುಗು ಬರುವ ತೊಟ್ಟಿ. ಕೆಳಗೆ ಬಂಡೆ ಕೊರೆದು ಮಾಡಿದ ನೆಲಮಾಳಿಗೆ, ಅಲ್ಲಿ ಸಾಲುಸಾಲಾಗಿ ಓಕ್ ಮರದ ಪೀಪಾಯಿಗಳು. ನಮ್ಮ ಕೆಂಪು ವೈನು ಪೀಪಾಯಿಯೊಳಗೆ ವರ್ಷಗಟ್ಟಲೆ ಮಲಗುತ್ತದೆ, ಮಲಗಿದಲ್ಲೇ ಗಸಿ ಬಿಡುತ್ತದೆ. ವರ್ಷಕ್ಕೆ ಎರಡು ಸಲ ತಿಳಿಯನ್ನು ಬೇರೆ ಪೀಪಾಯಿಗೆ ಬಸಿದು ಗಸಿಯನ್ನು ಹಿಂದೆ ಬಿಡಬೇಕು. ಅದಕ್ಕೆ ಪಂಪು ಗಿಂಪು ಏನೂ ಇಲ್ಲ. ಮೇಲಿನ ಪೀಪಾಯಿಗೆ ನಲ್ಲಿ ಬಡಿದು ಕೆಳಗಿನದಕ್ಕೆ ತನ್ನಷ್ಟಕ್ಕೆ ಇಳಿಯಲು ಬಿಡುವುದು. ಮೇಣದಬತ್ತಿಯವನು ನಲ್ಲಿಯ ಕೆಳಗೆ ಗಾಜಿನ ಲೋಟ ಹಿಡಿದು, ಹಿಂದಿನಿಂದ ಆಳಿನ ಕೈಯ ಬತ್ತಿಯ ಬೆಳಕು ಬಿಟ್ಟು ನೋಡುತ್ತಾನೆ. ಮೊದಲು ಮಾಣಿಕ್ಯದ ಹಾಗೆ ಬರುತ್ತದೆ. ಕೊನೆಗೆ ಒಂದು ಗಳಿಗೆಯಲ್ಲಿ ಹೊಗೆಯ ಎಳೆಯಂಥದ್ದು ತೇಲುತ್ತದೆ. ಆಗ "ಸಾಕು" ಅನ್ನಬೇಕು. ಮೊದಲೇ ಅಂದರೆ ಒಳ್ಳೆ ವೈನು ಗಸಿಯ ಜತೆ ಹಾಳು. ತಡವಾಗಿ ಅಂದರೆ ಇಡೀ ಪೀಪಾಯಿ ಕದಡು. ಆ ಒಂದು "ಸಾಕು" ಅನ್ನುವುದಕ್ಕೇ ಸೆಲೆದೋನಿಯೊಗೆ ಕೆಲಸ, ಬೊದೆಗಾದ ಗೋಡೆಗೆ ಅಂಟಿದ ಎರಡು ಕೋಣೆಯ ಮನೆ, ಊರಲ್ಲಿ ಮರ್ಯಾದೆ. ಮೂವತ್ತು ವರ್ಷ ಅವನ "ಸಾಕು" ಒಂದು ಹನಿ ಆಚೀಚೆ ಆಗಲಿಲ್ಲ.

ಹೆಂಗಸರಿಗೆ ಮಾತ್ರ ಆ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಹೆಂಗಸಿನ ಉಸಿರು ತಾಗಿದರೆ ವೈನು ಹುಳಿಯೊಡೆದು ವಿನೆಗರ್ ಆಗುತ್ತದಂತೆ. ನಾವು ಅಂಗಳದಲ್ಲೇ. ಜನವರಿಯಲ್ಲಿ ವೈನು ತಿಳಿಯಾಗಿಸಲು ಪೀಪಾಯಿಗೆ ಐದರಂತೆ ಮೊಟ್ಟೆಯ ಬಿಳಿ ಹಾಕುತ್ತಾರೆ. ಮೊಟ್ಟೆ ಒಡೆಯುವ ಕೆಲಸ ನಮ್ಮದು. ಬಿಳಿ ಕೆಳಗೆ ಹೋಗುತ್ತಿತ್ತು, ಹಳದಿ ನಮ್ಮ ಮಡಿಲಿಗೆ ಬರುತ್ತಿತ್ತು. ಆ ತಿಂಗಳು ಊರಲ್ಲಿ ಯಾರ ಮನೆಗೆ ಹೋದರೂ ಹಳದಿ ಪಾಯಸ, ಹಳದಿ ಕೇಕು, ಹಳದಿ ಉಂಡೆ. ಪಾದ್ರಿಗೂ ಕಾಮಾಲೆ ಬಂದವನ ಕಳೆ ಬಂದುಬಿಡುತ್ತಿತ್ತು. ನಾವು ಮುಟ್ಟಿದ ಮೊಟ್ಟೆ ಆಗುತ್ತಿತ್ತು, ನಾವು ಆಗುತ್ತಿರಲಿಲ್ಲ. ದೋನ್ಯಾ ಪ್ರುದೆನ್ಸಿಯಾ ಗಂಡ ಸತ್ತ ಮೇಲೆ ಇಪ್ಪತ್ತು ವರ್ಷದಿಂದ ಇಡೀ ಬೊದೆಗಾದ ಒಡತಿ, ಆದರೆ ಅವಳೂ ತನ್ನ ಸ್ವಂತ ನೆಲಮಾಳಿಗೆಯನ್ನು ಕಂಡಿರಲಿಲ್ಲ. ಮೇಸ್ತ್ರಿ ಬೊನಿಫಾಸಿಯೊ ಬಾಗಿಲಲ್ಲಿ ನಿಂತು ಟೊಪ್ಪಿ ತೆಗೆದು, "ಕ್ಷಮಿಸ್ಬೇಕು ದೋನ್ಯಾ, ಉಸಿರು" ಅನ್ನುತ್ತಿದ್ದ. ಅವಳು ಉಸಿರು ಬಿಟ್ಟು ವಾಪಸ್ಸು ಹೋಗುತ್ತಿದ್ದಳು.

ಇರಲಿ. ಸೆಲೆದೋನಿಯೊನ ಕಣ್ಣಿನ ವಿಷಯಕ್ಕೆ ಬರುತ್ತೇನೆ.

ಜೂನಿನ ಬಸಿಯುವಿಕೆಯಲ್ಲಿ ಒಂದು ಪೀಪಾಯಿಗೆ ಅರ್ಧ ಬಕೆಟ್ ಗಸಿ ಇಳಿದುಹೋಯಿತು. ದಕ್ಷಿಣದ ಗಾಳಿ ಬೀಸಿತು, ಗಸಿ ಎದ್ದಿತು ಎಂದು ಬೊನಿಫಾಸಿಯೊ ಗಾಳಿಯನ್ನು ಬೈದ. ಕಸಿಲ್ದಾ ಮಾತ್ರ ಅವತ್ತಿನಿಂದ ಗಂಡನ ಮೇಲೆ ಕಣ್ಣಿಟ್ಟಳು. ಚಳಿಗಾಲದ ಒಂದು ದಿನ ಅವನು ಪಾದ್ರಿ ಮನೆಯ ಹಗ್ಗದ ಮೇಲೆ ಒಣಹಾಕಿದ್ದ ಕಪ್ಪು ನಿಲುವಂಗಿಗೆ ಟೊಪ್ಪಿ ತೆಗೆದು ನಮಸ್ಕಾರ ಹೇಳಿದ. ಸಾಲದ್ದಕ್ಕೆ ಉತ್ತರಕ್ಕಾಗಿ ಕಾದು ನಿಂತ. ಅವತ್ತು ಸಂಜೆ ಅವಳು ಅವನನ್ನು ಕಿಟಕಿಯ ಹತ್ತಿರ ಕೂರಿಸಿದಳು.

"ಎಷ್ಟು ಬೆರಳು?"

"ಮೂರು."

ಮೂರೇ ಇದ್ದವು. ಅವಳು ಬೆರಳು ಮಡಚಿ ಮುಷ್ಟಿ ಹಿಡಿದಳು. "ಈಗ?"

"ಮೂರು."

ಕೋಳಿಮೊಟ್ಟೆ ಎತ್ತಿ ಹಿಡಿದಳು. "ಈಗ ನೋಡು, ಸರಿಯಾಗಿ ನೋಡು."

"ಮೂರೇ ಕಣೆ. ಎಷ್ಟು ಸಲ ಹೇಳ್ಬೇಕು?"

ಅವಳು ಮೊಟ್ಟೆ ಇಟ್ಟು ಅವನ ಪಕ್ಕ ಕೂತಳು. "ಯಾವಾಗಿಂದ?"

"ಎರಡು ವರ್ಷ ಆಯ್ತು. ಎಲ್ಲಾ ಹಾಲಲ್ಲಿ ಅದ್ದಿದ ಹಾಗೆ ಕಾಣುತ್ತೆ. ಇಷ್ಟು ದಿನ ಪೀಪಾಯಿ ಸದ್ದು ಕೇಳಿ ಅಂದಾಜು ಮಾಡ್ತಿದ್ದೆ. ಜೂನಲ್ಲಿ ಅದೂ ಕೈಕೊಡ್ತು. ಬೊನಿಫಾಸಿಯೊಗೆ ಗೊತ್ತಾದ್ರೆ ಬತ್ತಿ ಕಿತ್ಕೋತಾನೆ. ಬತ್ತಿ ಹೋದ್ರೆ ಈ ಮನೇನೂ ಹೋಯ್ತು. ಅದಕ್ಕಿಂತ ಹೆಚ್ಚಾಗಿ, ಕಸಿಲ್ದಾ, ಬೆಳಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ?"

ಸೆಲೆದೋನಿಯೊಗೆ ಇಸ್ಪೀಟು ಬಾರದು, ಹರಟೆ ಬಾರದು. ಹೆಂಡತಿ ಮಾತಿನ ನಡುವೆ ತೂರುವಷ್ಟು ಸಂದೂ ಸಿಗುತ್ತಿರಲಿಲ್ಲ. ಅವನಿಗೆ ಇದ್ದದ್ದು ಆ ಕತ್ತಲೆ, ಆ ಬತ್ತಿ, ಆ ಕೆಂಪು.

ಬತ್ತಿ ಹಿಡಿಯಲು ಅವನ ಜತೆಗೆ ಒಬ್ಬ ಆಳು ಬೇಕಿತ್ತು. ಮೊದಲಿದ್ದವನು ಆ ಚಳಿಗಾಲ ಬಿಲ್ಬಾವೊದ ಉಕ್ಕಿನ ಕಾರ್ಖಾನೆಗೆ ಹೋಗಿದ್ದ. ಕಸಿಲ್ದಾ ಇದನ್ನು ಎರಡು ದಿನ ಅಗಿದಳು, ಮೂರನೆಯ ದಿನ ಊರೆಲ್ಲ ಡಂಗುರ ಹೊಡೆದಳು. ನಾಹೆರಾದಲ್ಲಿರುವ ಅಕ್ಕನಿಗೆ ಸೊಂಟ ಹಿಡಿದಿದೆ, ತಾನು ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಬೇಕು, ಗಂಡನ ಸಹಾಯಕ್ಕೆ ಬೆಟ್ಟದಿಂದ ಚಿಕ್ಕಪ್ಪನ ಮಗ ತೊರಿಬಿಯೊ ಬರುತ್ತಾನೆ, ಒಳ್ಳೆ ಆಳು, ಪಾಪ ಹುಟ್ಟು ಮೂಗ.

ಫೆಬ್ರವರಿಯ ಕ್ಷೀಣಚಂದ್ರ ಬಂತು. ಉತ್ತರದ ಗಾಳಿ ಕೊರೆಯತೊಡಗಿತು, ಆಕಾಶ ತೊಳೆದಿಟ್ಟ ಹಾಗಾಯಿತು. ಗಸಿ ತಳಕ್ಕೆ ಅಂಟಿ ಕೂರುವ ಹವೆ ಅದು. ಮೊದಲ ಬೆಳಗ್ಗೆ ಸೆಲೆದೋನಿಯೊ ಬೊದೆಗಾದ ಬಾಗಿಲಿಗೆ ಬಂದಾಗ ಪಕ್ಕದಲ್ಲಿ ಕುರುಬರ ಕಂಬಳಿ ಹೊದ್ದ, ಕಿವಿ ಮುಚ್ಚುವಂತೆ ಬೊಯ್ನಾ ಟೊಪ್ಪಿ ಎಳೆದುಕೊಂಡ, ಕೆನ್ನೆಗೆ ಮಸಿ ಮೆತ್ತಿದ ಒಬ್ಬ ಗಿಡ್ಡ ಮನುಷ್ಯ ನಿಂತಿದ್ದ.

"ಇವನೇನಾ ಮೂಗ?" ಅಂದ ಬೊನಿಫಾಸಿಯೊ. ದಪ್ಪ ಮೀಸೆಯ, ದೇವರಿಗೆ ಬಹಳ ಹೆದರುವ ಮನುಷ್ಯ. "ಪಾಪ. ಬಾರಪ್ಪಾ, ಇಳಿ. ಮೆಟ್ಲು ಜಾರುತ್ತೆ. ಕಸಿಲ್ದಾ ಹೋದ್ಲಾ ನಾಹೆರಾಗೆ? ಅದಕ್ಕೇ ಊರು ತಣ್ಣಗಿದೆ."

ಮೂಗ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಇಳಿದ.

ಏರ್ಪಾಡು ಸರಳವಾಗಿತ್ತು. ಸೆಲೆದೋನಿಯೊ ಲೋಟ ಹಿಡಿಯುವುದು, ಮೂಗ ಹಿಂದಿನಿಂದ ಬತ್ತಿ ಹಿಡಿಯುವುದು. ಹೊಗೆಯ ಎಳೆ ಕಂಡ ಕೂಡಲೇ ಮೂಗ ಸೆಲೆದೋನಿಯೊನ ಪಾದ ತುಳಿಯುವುದು, ಸೆಲೆದೋನಿಯೊ "ಸಾಕು" ಅನ್ನುವುದು. ದಿನಕ್ಕೆ ಹತ್ತು ಪೀಪಾಯಿ, ಹತ್ತು ತುಳಿತ. ಮೊದಲ ದಿನ ಅವಳಿಗೆ ಹದ ತಿಳಿಯದೆ ಒಂದು ತುಳಿತಕ್ಕೆ ಅವನು "ಸಾಕು" ಅನ್ನುವ ಬದಲು "ಅಯ್ಯಮ್ಮಾ" ಅಂದ. ಬೊನಿಫಾಸಿಯೊ ಅದನ್ನೂ ಸಾಕು ಎಂದೇ ತಿಳಿದು ನಲ್ಲಿ ತಿರುಗಿಸಿದ.

ಕೆಲಸವೇನೋ ಸಲೀಸು. ಬೆಳಗಿನ ಊಟದ ಹೊತ್ತೇ ಕಷ್ಟ. ಒಣಗಿದ ದ್ರಾಕ್ಷಿ ಬಳ್ಳಿಯ ಬೆಂಕಿಯಲ್ಲಿ ಕುರಿಮರಿಯ ಎಲುಬಿನ ತುಂಡು ಸುಟ್ಟು, ಉದ್ದ ಮೂತಿಯ ಗಾಜಿನ ಹೂಜಿಯಿಂದ ವೈನನ್ನು ಮೇಲಿನಿಂದ ಬಾಯಿಗೆ ಸುರಿದುಕೊಳ್ಳುತ್ತ ಎಲ್ಲರೂ ಅಂಗಳದಲ್ಲಿ ಕೂರುತ್ತಿದ್ದರು. ಪೀಪಾಯಿ ತೊಳೆಯುವ ಎವರಿಸ್ತೊ ಎಂಬವನೊಬ್ಬನಿದ್ದ. ಅವನ ನಾಲಗೆಗೆ ಎಲುಬಿಲ್ಲ, ಕಣ್ಣು ಮಾತ್ರ ಗಿಡುಗನದು. ಎರಡನೆಯ ದಿನ ಮೂಗ ಸೆಲೆದೋನಿಯೊನ ಕೊರಳಿನ ಬಟ್ಟೆಯನ್ನು ಸರಿಮಾಡಿ ಒಳಗೆ ತುರುಕಿದ್ದನ್ನು ಅವನು ನೋಡಿದ. ನೋಡಿ, ಯಾರಿಗೂ ಹೇಳಲಿಲ್ಲ. ಅಂಥ ಮಜಾ ಹಂಚಿಕೊಳ್ಳುವಷ್ಟು ಧಾರಾಳಿ ಅವನಲ್ಲ.

"ಸೆಲೆದೋನಿಯೊ, ಹೆಂಡ್ತಿ ಇಲ್ದೆ ಊಟ ಹೆಂಗೆ?" ಅಂದ ಎವರಿಸ್ತೊ, ಕಣ್ಣು ಮೂಗನ ಮೇಲೆ.

"ಆಗುತ್ತೆ."

"ಆಗುತ್ತೇನು, ಮೇಲಾಗಿರುತ್ತೆ. ಕಸಿಲ್ದಾ ಮಾಡೋ ಆಲೂಗಡ್ಡೆ ಸಾರು ನಾನು ತಿಂದಿದೀನಪ್ಪ. ನಾನು ಪೀಪಾಯಿ ತೊಳೆದ ನೀರು ಅದಕ್ಕಿಂತ ಗಟ್ಟಿ ಇರುತ್ತೆ."

ಮೂಗನಿಗೆ ಕೆಮ್ಮು ಬಂತು.

"ಸಾಸೇಜು ಹಾಕ್ತಾಳೋ ಇಲ್ಲಾ ದಾರಕ್ಕೆ ಕಟ್ಟಿ ತೋರ್ಸಿ ತೆಗೀತಾಳೋ? ನೀನೇ ಹೇಳು ಸೆಲೆದೋನಿಯೊ, ಗಂಡಸಾಗಿ ಹೇಳು."

ಸೆಲೆದೋನಿಯೊ ಬೆವರಿದ. "ಸ್ವಲ್ಪ... ತೆಳು" ಅಂದ.

ಮೂಗ ರೊಟ್ಟಿಯನ್ನು ಕಚ್ಚಿದ ರೀತಿಗೆ ಬೊನಿಫಾಸಿಯೊ, "ಪಾಪ, ಎಷ್ಟು ಹಸಿವು ನೋಡಿ" ಎಂದು ತನ್ನ ತುಂಡನ್ನೂ ಕೊಟ್ಟ.

ಅವತ್ತು ಮಧ್ಯಾಹ್ನದ ಮೇಲಿನ ಐದೂ ಪೀಪಾಯಿಗೆ ತುಳಿತ ಜೋರಾಗಿಯೇ ಬಿತ್ತು. ಮನೆಗೆ ಹೋಗಿ ಬಾಗಿಲು ಹಾಕಿದ ಮೇಲೆ ಹೇಳಬೇಕೇ? ಇಡೀ ಹಗಲಿನ ಮಾತು ಒಟ್ಟಿಗೆ ಹೊರಟಿತು. "ತೆಳುವಾ? ಮೂವತ್ತು ವರ್ಷ ಬಟ್ಟಲು ನೆಕ್ಕಿದವನಿಗೆ ಈಗ ತೆಳು ಕಾಣ್ತಾ? ಕಣ್ಣು ಕಾಣಲ್ಲ ಅಂದೆ, ನಾಲಗೇನೂ ಹೋಯ್ತಾ?" ಸೆಲೆದೋನಿಯೊ ಪಾದವನ್ನು ಬಿಸಿನೀರಲ್ಲಿ ಇಟ್ಟುಕೊಂಡು, ದೇವರೇ ಬೇಗ ಬೆಳಗಾಗಲಿ, ಇವಳು ಮತ್ತೆ ಮೂಗಿಯಾಗಲಿ ಎಂದು ಬೇಡಿಕೊಂಡ.

ನಡುವೆ ಸಂತ ಬ್ಲಾಸನ ಹಬ್ಬ ಬಂತು. ಗಂಟಲಿನ ರೋಗಕ್ಕೆಲ್ಲ ಆ ಸಂತನೇ ದಿಕ್ಕು. ಬೊನಿಫಾಸಿಯೊ ಬೆಳಗಿನ ಪೂಜೆಯಲ್ಲಿ ಮಂತ್ರಿಸಿದ ಹುರಿಯೊಂದನ್ನು ತಂದು ಮೂಗನ ಕೊರಳಿಗೆ ಕಟ್ಟಿದ. "ನಂಬಿಕೆ ಇಡಪ್ಪಾ ತೊರಿಬಿಯೊ. ಆ ಸಂತನಿಗೆ ಆಗದೇ ಇರೋದು ಯಾವ್ದೂ ಇಲ್ಲ." ಅವನ ಕಣ್ಣಲ್ಲಿ ನೀರಿತ್ತು. ಕಸಿಲ್ದಾಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷದಿಂದ ಅವನನ್ನು ಬೈದುಕೊಂಡು ಬಂದಿದ್ದಳಲ್ಲ.

ಒಂಬತ್ತನೆಯ ದಿನ ಸೆಲೆದೋನಿಯೊಗೆ ಪಾದ ಊರಲಾಗಲಿಲ್ಲ. ಹೆಬ್ಬೆರಳು ದ್ರಾಕ್ಷಿಯ ಬಣ್ಣಕ್ಕೆ ತಿರುಗಿತ್ತು. ಅವನು ಹೆಂಡತಿಗೆ ಹೇಳದೆ, ಕೆಸರಿಗೆ ಹಾಕುವ ಮರದ ಜೋಡುಗಳನ್ನು ಮೆಟ್ಟಿಕೊಂಡು ಬಂದ. ಅವಳು ಬತ್ತಿಯ ಕಡೆ ನೋಡುತ್ತಿದ್ದಳೇ ಹೊರತು ಅವನ ಕಾಲಿನ ಕಡೆ ನೋಡಲಿಲ್ಲ. ಮೇಲಿನ ಅಂಗಳದಲ್ಲಿ ಬೊನಿಫಾಸಿಯೊ ಆಗಲೇ ದೋನ್ಯಾಗೆ, "ಈ ಸಲ ವೈನು ಇಗರ್ಜಿ ಗಾಜಿನ ಹಾಗಿದೆ ದೋನ್ಯಾ, ಮೂವತ್ತು ವರ್ಷದಲ್ಲಿ ಇಂಥ ತಿಳಿ ಬಸಿದಿಲ್ಲ" ಎಂದು ಹೇಳಿ ಬಂದಿದ್ದ.

ಕೆಳಗೆ ಅವತ್ತಿನ ಮೊದಲ ಪೀಪಾಯಿಯೇ ಹಳೆಯ ತೋಟದ್ದು. ನೂರು ವರ್ಷದ ಬಳ್ಳಿ, ವರ್ಷಕ್ಕೆ ಒಂದೇ ಪೀಪಾಯಿ ಆಗುವಂಥದ್ದು. ವೈನು ಇಳಿಯಿತು, ಇಳಿಯಿತು, ಕೆಂಪಗೆ ಇಳಿಯಿತು. ಎಳೆ ಕಂಡಿತು. ಅವಳು ತುಳಿದಳು. ಸೆಲೆದೋನಿಯೊ ಲೋಟ ಹಿಡಿದು ಸಂತನ ಹಾಗೆ ನಿಂತೇ ಇದ್ದ. ಮತ್ತೆ ತುಳಿದಳು. ಅವನ ಮರದ ಜೋಡು ಟೊಕ್ಕೆಂದಿತು. ಎಳೆ ದಪ್ಪವಾಯಿತು. ಅವಳು ಎರಡು ಕಾಲಲ್ಲೂ ಹಾರಿ ತುಳಿದಳು.

"ನಿಲ್ಸೋ ಮಾರಾಯಾ, ಗಸಿ ಬಂತು! ತುಳಿದೂ ತುಳಿದೂ ನನ್ನ ಹಿಮ್ಮಡಿ ಮುರೀತು, ನಿನಗೇನು ಮರದ ಕಾಲಾ?"

ಬಂಡೆಯ ಕಮಾನಿನಲ್ಲಿ ಆ ಮಾತು ನಾಲ್ಕು ಸಲ ಸುತ್ತಿತು. ಸೆಲೆದೋನಿಯೊ "ಸಾಕು!" ಎಂದು ಕೂಗಿ ತಾನೇ ನಲ್ಲಿ ತಿರುಗಿಸಿದ. ಪೀಪಾಯಿ ಉಳಿಯಿತು. ಬೊನಿಫಾಸಿಯೊ ಒದ್ದೆ ನೆಲದ ಮೇಲೆ ಮಂಡಿಯೂರಿ ಶಿಲುಬೆಯ ಗುರುತು ಹಾಕಿಕೊಂಡ.

"ಸಂತ ಬ್ಲಾಸ್! ಮೂಗನಿಗೆ ಮಾತು ಬಂತು! ನಾನು ಕಟ್ಟಿದ ಹುರಿ!"

"ಪವಾಡವೇ ಸರಿ ಬೊನಿಫಾಸಿಯೊ," ಅಂದ ಎವರಿಸ್ತೊ, ಪೀಪಾಯಿಯ ಹಿಂದಿನಿಂದ. "ಆದ್ರೆ ಸಂತ ಅವಸರದಲ್ಲಿ ಕಸಿಲ್ದಾಳ ದನಿ ಕೊಟ್ಬಿಟ್ಟಿದ್ದಾನೆ."

ಬೊನಿಫಾಸಿಯೊ ಬತ್ತಿ ಕಿತ್ತುಕೊಂಡು ಅವಳ ಮುಖಕ್ಕೆ ಹಿಡಿದ. ಮಂಡಿಯೂರಿದ್ದಕ್ಕಿಂತ ಬೇಗ ಎದ್ದ. "ಒಂಬತ್ತು ದಿನ! ಎಂಬತ್ತೊಂದು ಪೀಪಾಯಿ! ಎಲ್ಲದರ ಮೇಲೂ ಉಸಿರು ಬಿಟ್ಯಾ?"

"ಬಿಡದೆ ಒಳಗೇ ಇಟ್ಕೊಳ್ಳೋಕಾಗುತ್ತಾ?"

ದೋನ್ಯಾ ಪ್ರುದೆನ್ಸಿಯಾ ಮೆಟ್ಟಿಲ ತಲೆಯಲ್ಲಿ ಕಪ್ಪು ಶಾಲು ಹೊದ್ದು ನಿಂತಳು, ಇಳಿಯಲಿಲ್ಲ. ಇವರು ಹತ್ತಿ ಬಂದರು. ಬೊನಿಫಾಸಿಯೊ ದೂರು ಹೇಳಿದ. ಕಸಿಲ್ದಾ ಬಾಯಿ ತೆರೆಯುವ ಮೊದಲೇ ಸೆಲೆದೋನಿಯೊ ಮುಂದೆ ಬಂದ. ಅವನು ಹೆಂಡತಿಗಿಂತ ಮೊದಲು ಮಾತಾಡಿದ್ದು ಅದೇ ಮೊದಲು.

"ಅವಳದ್ದೇನೂ ತಪ್ಪಿಲ್ಲ ದೋನ್ಯಾ. ನನಗೆ ಕಣ್ಣು ಕಾಣಲ್ಲ. ನೀವು ಎಲ್ಲಿ ನಿಂತಿದೀರಿ ಅಂತ್ಲೂ ಕಾಣಲ್ಲ. ಬತ್ತಿ ವಾಪಸ್ ತಗೊಳ್ಳಿ."

ಅವನು ಬೊನಿಫಾಸಿಯೊನ ಕೈಯಿಂದ ತಡವಿ ತೆಗೆದುಕೊಂಡ ಬತ್ತಿಯನ್ನು ನೀಡಿದ್ದು ಬಾಗಿಲ ಚೌಕಟ್ಟಿಗೆ. ದೋನ್ಯಾ ಅದನ್ನು ನೋಡಿ ಮೇಸ್ತ್ರಿಯ ಕಡೆ ತಿರುಗಿದಳು.

"ಬೊನಿಫಾಸಿಯೊ, ಬೆಳಗ್ಗೆ ಏನಂದ್ರಿ ನೀವು?"

"ಇಗರ್ಜಿ ಗಾಜು ಅಂದೆ ದೋನ್ಯಾ."

"ಅಷ್ಟು ದಿನ ಈಕೆ ಎಲ್ಲಿದ್ದಳು?"

"ಕೆಳಗೆ. ಆದ್ರೆ ಹುಳಿ ಇವತ್ತೇ ಕಾಣಲ್ಲ, ಮೆಲ್ಲಗೆ ಏರುತ್ತೆ."

"ಹಾಗಾದ್ರೆ ಈಸ್ಟರ್‌ವರೆಗೂ ನೋಡೋಣ. ಆ ಪೀಪಾಯಿಗಳಲ್ಲಿ ಒಂದು ಹುಳಿಯೊಡೆದ್ರೂ ಇಬ್ಬರೂ ಮನೆ ಖಾಲಿ ಮಾಡ್ಲಿ. ಒಡೀದಿದ್ರೆ ಬತ್ತಿ ಕಸಿಲ್ದಾಳ ಕೈಗೆ."

ಆ ನಲವತ್ತು ಚಿಲ್ಲರೆ ದಿನ ಕಸಿಲ್ದಾ ಪಾತ್ರೆಪಗಡಿ ಗಂಟು ಕಟ್ಟಿ ಬಾಗಿಲ ಹತ್ತಿರವೇ ಇಟ್ಟುಕೊಂಡು, ಬೇಕಾದಾಗ ಒಂದೊಂದನ್ನೇ ಬಿಚ್ಚಿ ಅಡುಗೆ ಮಾಡಿದಳು. ಬೊನಿಫಾಸಿಯೊ ದಿನಾ ಬೆಳಗ್ಗೆ ನಾಲ್ಕೈದು ಪೀಪಾಯಿಯ ಬಿರಡೆ ತೆಗೆದು ಮೂಗು ಇಟ್ಟು ಹೊರಬರುತ್ತಿದ್ದ. ಹೊರಬಂದಾಗಲೆಲ್ಲ ಅಂಗಳದ ಹೆಂಗಸರು ಅವನ ಮುಖ ನೋಡುತ್ತಿದ್ದರು, ಅವನು ಆಕಾಶ ನೋಡುತ್ತಿದ್ದ. ಈಸ್ಟರ್ ಹಿಂದಿನ ದಿನ ಅವನು ಕೈಯಲ್ಲಿ ಒಂದು ಲೋಟ ಹಿಡಿದು ಬಂದ. ಮುಖ ಸುಣ್ಣದ ಗೋಡೆ. ಲೋಟದಿಂದ ವಿನೆಗರ್ ವಾಸನೆ ನಮ್ಮವರೆಗೂ ಬಂತು. ಕಸಿಲ್ದಾ ಸದ್ದಿಲ್ಲದೆ ಗಂಟಿನ ಬಾಯಿ ಬಿಗಿದಳು.

"ಒಂದು ಹುಳಿಯೊಡೆದಿದೆ," ಅಂದ ಬೊನಿಫಾಸಿಯೊ ದೋನ್ಯಾಗೆ.

"ಯಾವುದು?"

ಅವನು ಸುಳ್ಳು ಹೇಳಬಹುದಿತ್ತು. ಕತ್ತಲಲ್ಲಿ ಪೀಪಾಯಿಗಳೆಲ್ಲ ಒಂದೇ ತರ. ಮೀಸೆಯನ್ನು ಎರಡು ಸಲ ತಿರುವಿದ. "ಆಚೆ ಸಾಲಿಂದು. ಇವಳು ಅತ್ತ ಹೋಗೇ ಇಲ್ಲ. ಬಸಿದಿದ್ದೂ ನಾನೇ, ಬಿರಡೆ ಹಾಕಿದ್ದೂ ನಾನೇ. ಇವಳದ್ದು ಎಂಬತ್ತೊಂದೂ ಸರಿ ಇವೆ."

"ಅಯ್ಯೋ," ಅಂದಳು ದೋನ್ಯಾ ಪ್ರುದೆನ್ಸಿಯಾ, ಶಾಲು ಸರಿಮಾಡಿಕೊಳ್ಳುತ್ತ. "ಅದಕ್ಕೂ ಸ್ವಲ್ಪ ಉಸಿರು ಬೇಕಿತ್ತೇನೋ."

ಆಮೇಲೆ ಅವಳು ಸ್ಕರ್ಟಿನ ಅಂಚು ಎತ್ತಿ ಹಿಡಿದು, ಬೊನಿಫಾಸಿಯೊನ ಪಕ್ಕದಿಂದ ದಾಟಿ, ತನ್ನ ನೆಲಮಾಳಿಗೆಗೆ ಇಳಿದಳು. ಒಂದೊಂದೇ ಮೆಟ್ಟಿಲನ್ನು ಗಟ್ಟಿಯಾಗಿ ಎಣಿಸುತ್ತ ಹೋದಳು. ಐವತ್ಮೂರು. ಬೊನಿಫಾಸಿಯೊ ಮೇಲೆ ನಿಂತು ಪ್ರತಿ ಎಣಿಕೆಗೂ ಒಂದು ಶಿಲುಬೆಯ ಗುರುತು ಹಾಕಿಕೊಂಡ. ಹಾಗಂತ ಅವನು ಬದಲಾದ ಎಂದುಕೊಳ್ಳಬೇಡಿ. ಸಾಯುವವರೆಗೂ ಅವನು ಹೇಳುತ್ತಿದ್ದದ್ದು, ಕಸಿಲ್ದಾ ಒಂಬತ್ತು ದಿನ ಬಾಯಿ ಮುಚ್ಚಿದ್ದಳು, ಉಸಿರು ಆಚೆ ಬರಲೇ ಇಲ್ಲ, ಅದಕ್ಕೇ ವೈನು ಉಳಿಯಿತು ಎಂದೇ.

ಜೂನಿನಲ್ಲಿ ಬತ್ತಿ ಮತ್ತು ಲೋಟ ಎರಡೂ ಕಸಿಲ್ದಾಳ ಕೈಯಲ್ಲಿದ್ದವು. ಸೆಲೆದೋನಿಯೊಗೆ ದೋನ್ಯಾ ಬೇರೆ ಕೆಲಸ ಹಚ್ಚಿದಳು. ತೊಳೆದ ಖಾಲಿ ಪೀಪಾಯಿಯ ಬಾಯಿಗೆ ಮೂಗು ಇಟ್ಟು, ಬೂಸಲು ಇದೆಯೋ, ಹೊಗೆ ಹಾಕಿದ ಗಂಧಕ ಹೆಚ್ಚಾಗಿದೆಯೋ ಹೇಳುವುದು. ಕಣ್ಣು ಮಸುಕಾದಷ್ಟೂ ಅವನ ಕೆಂಪು ಮೂಗು ಚುರುಕಾಗಿತ್ತು. ಎವರಿಸ್ತೊ ಬೆಳಗಿನ ಊಟಕ್ಕೆ ಏನು ತಿಂದ ಎಂಬುದನ್ನೂ ಆ ಮೂಗು ಪೀಪಾಯಿಯ ಒಳಗಿನಿಂದಲೇ ಹೇಳಿಬಿಡುತ್ತಿತ್ತು.

ಆ ದಿನ ಮೊದಲ ಪೀಪಾಯಿ ಇಳಿಯತೊಡಗಿದಾಗ ಕಸಿಲ್ದಾ ಮಾತು ನಿಲ್ಲಿಸಿದಳು. ಯಾರೂ ಅವಳಿಗೆ ಸುಮ್ಮನಿರು ಅಂದಿರಲಿಲ್ಲ. ಲೋಟದೊಳಗೆ ಬೆಳಕು ಹೊಕ್ಕು ನಿಂತಿತ್ತು, ಅವಳು ನೋಡುತ್ತ ನಿಂತಳು. ಸೆಲೆದೋನಿಯೊ ಖಾಲಿ ಪೀಪಾಯಿಯಿಂದ ತಲೆ ಎತ್ತಿದ.

"ಯಾಕೆ ಸುಮ್ನಾದೆ? ಗಸಿ ಬಂತಾ?"

"ಇಲ್ಲ."

"ಮತ್ತೆ? ಬಣ್ಣ ಹೆಂಗಿದೆ ಹೇಳು. ನಾನು ನೋಡಿ ಎರಡು ವರ್ಷದ ಮೇಲಾಯ್ತು."

ಅವಳು ಲೋಟವನ್ನು ಬತ್ತಿಗೆ ಇನ್ನಷ್ಟು ಹತ್ತಿರ ಹಿಡಿದಳು, ಅವನ ಮುಖ ನೋಡಿದಳು, ಮತ್ತೆ ಲೋಟ ನೋಡಿದಳು.

"ನಿನ್ನ ಮೂಗಿನ ಬಣ್ಣ ಕಣಯ್ಯಾ."

ಸೆಲೆದೋನಿಯೊ ಮೂಗಿನ ತುದಿಯನ್ನು ಮುಟ್ಟಿ ನೋಡಿಕೊಂಡ.

"ಹಾಗಾದ್ರೆ ಚೆನ್ನಾಗೇ ಆಗಿದೆ," ಅಂದು ಮತ್ತೆ ಪೀಪಾಯಿಯೊಳಗೆ ತಲೆ ಹಾಕಿದ.